ಕೈಯಾಟದ ಪೆಟ್ಟಿಗೆಯಲ್ಲಿ ಕನ್ನಡದ ಚೆನ್ನೆಮಣೆ

ಮಾನ್ಯ ಸಂಪಾದಕರಿಗೆ,

ರಜೆ ಬಂತೆಂದರೆ ಕಾರವಾರ, ಕುಮಟಾ, ಶಿರಸಿಯ ಮನೆಗಳಿಗೆ ಅಂಗೈಯಗಲದ ವಿಡಿಯೊ ಗೇಮ್‌ಗಳು ಕೊರಿಯರ್‌ನಲ್ಲಿ ಬರುತ್ತವೆ. ಡಬ್ಬಿಯ ಮೇಲೆ ‘ಹತ್ತು ಸಾವಿರ ಆಟ’ ಎಂದು ಬರೆದಿರುತ್ತದೆ. ಮಕ್ಕಳು ಎರಡು ವಾರ ಆಡುತ್ತಾರೆ, ಹಿರಿಯರು ಬೈಯುತ್ತಾರೆ, ಜೂನ್‌ನಲ್ಲಿ ಅದು ಕಪಾಟು ಸೇರುತ್ತದೆ. ದಸರೆಗೆ ತೆಗೆದರೆ ಆನ್ ಆಗುವುದಿಲ್ಲ. ಆ ಹತ್ತು ಸಾವಿರ ಆಟಗಳೇ ಈ ಪೆಟ್ಟಿಗೆಯ ಬೆಲೆ ಎಂದು ಕೊಂಡವರು ತಿಳಿದಿರುತ್ತಾರೆ. ಆದರೆ ಅದರೊಳಗೆ ಅತ್ಯಂತ ಕಡಿಮೆ ಬೆಲೆಯದ್ದು ಅವೇ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹೈಸ್ಕೂಲು ಮಕ್ಕಳು ತಾವೇ ಆಟ ಬರೆದು, ಅದಕ್ಕೆ ಕನ್ನಡ ಅಕ್ಷರ ಕೂರಿಸಿ, ಇದೇ ಪೆಟ್ಟಿಗೆಯಲ್ಲಿ ಆಡಬಹುದು. ಅದು ಹೇಗೆ, ಎಲ್ಲಿ ಎಡವುತ್ತದೆ ಎಂಬುದನ್ನು ತಿಳಿಸಲು ಈ ಪತ್ರ.

ಈ ಪೆಟ್ಟಿಗೆಗಳ ಒಳಗಿರುವುದು ಹೆಚ್ಚಾಗಿ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಓಡಿಸುವ ಪುಟ್ಟ ಕಂಪ್ಯೂಟರ್. ಅದರಲ್ಲಿ ಎಮ್ಯುಲೇಟರ್ ಎಂಬ ಪ್ರೋಗ್ರಾಂ 1983ರ ಫ್ಯಾಮಿಕಾಂ, 1989ರ ಗೇಮ್ ಬಾಯ್, 2001ರ ಗೇಮ್ ಬಾಯ್ ಅಡ್ವಾನ್ಸ್ ಮುಂತಾದ ಹಳೆಯ ವಿಡಿಯೊ ಗೇಮ್ ಯಂತ್ರಗಳಂತೆ ನಡೆದುಕೊಳ್ಳುತ್ತದೆ. ಆ ಯಂತ್ರಗಳಿಗಾಗಿ ಕಂಪನಿಯ ಹಂಗಿಲ್ಲದೆ ಆಸಕ್ತರು ಇಂದಿಗೂ ಬರೆಯುತ್ತಿರುವ ಹೊಸ ಆಟಗಳೇ ಹೋಮ್‌ಬ್ರೂ. ಗೇಮ್ ಬಾಯ್‌ನ ‘ಟೋಬು ಟೋಬು ಗರ್ಲ್’ ಉಚಿತ, ಅದರ ಮೂಲ ಕೋಡ್ ಕೂಡ ಬಹಿರಂಗ. ನಾಲ್ವರು ಸೇರಿ ಆಡಬಹುದಾದ ‘ಮೈಕ್ರೋ ಮೇಜಸ್’ ಇಡೀ ಆಟ 40 ಕಿಲೋಬೈಟ್‌ನಲ್ಲಿ ಮುಗಿದಿದೆ. ಇಷ್ಟು ಕಿರಿದರಲ್ಲಿ ಒಂದು ಆಟವನ್ನು ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಮೊದಲು ಕಾರ್ಡ್ ವಿಷಯ. ‘ಕೆಟ್ಟುಹೋಯಿತು’ ಎಂದು ಎತ್ತಿಟ್ಟ ಎಷ್ಟೋ ಪೆಟ್ಟಿಗೆಗಳು ಕೆಟ್ಟಿರುವುದಿಲ್ಲ, ಒಳಗಿನ ಮೈಕ್ರೋ ಎಸ್‌ಡಿ ಕಾರ್ಡ್ ಸತ್ತಿರುತ್ತದೆ. ಜೊತೆಗೆ ಬರುವ ಕಾರ್ಡ್ ಹೆಸರಿಲ್ಲದ್ದು, ಅಗ್ಗದ್ದು. ಪೆಟ್ಟಿಗೆ ಕೈಗೆ ಬಂದ ದಿನವೇ ಅದನ್ನು ತೆಗೆದು, ಕಾರ್ಡ್ ರೀಡರ್‌ನಲ್ಲಿಟ್ಟು, ಆಟಗಳನ್ನು ಬಿಟ್ಟು ವ್ಯವಸ್ಥೆಯ ಫೈಲ್‌ಗಳನ್ನು ಕಂಪ್ಯೂಟರ್‌ಗೆ ಪ್ರತಿ ಮಾಡಿಕೊಳ್ಳಿ. ಹೆಸರುಳ್ಳ ಕಂಪನಿಯ 32 ಅಥವಾ 64 ಜಿಬಿ ಕಾರ್ಡ್ ಕೊಳ್ಳಿ, ಬಿಲ್ ಪಡೆಯಿರಿ. ಕೊಂಡ ಮೇಲೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ಪ್ರೋಗ್ರಾಂನಿಂದ ಕಾರ್ಡ್ ಪೂರ್ತಿ ತುಂಬಿಸಿ ಓದಿಸಿ ನೋಡಿ. ಗಂಟೆಗೂ ಮೀರಿ ಹಿಡಿಯಬಹುದು, ಆದರೂ ಬಿಡಬೇಡಿ. 64 ಎಂದು ಬರೆದು ಒಳಗೆ 8 ಇರುವ ನಕಲಿ ಕಾರ್ಡ್ ಮೊದಲ 8 ಜಿಬಿ ತನಕ ಸರಿಯಾಗಿಯೇ ನಡೆದುಕೊಳ್ಳುತ್ತದೆ. ಅಲ್ಲಿಂದಾಚೆ ಬರೆದದ್ದೆಲ್ಲ ಕಳೆದುಹೋಗುತ್ತದೆ.

ಹೊಸ ಕಾರ್ಡಿಗೆ ಪೆಟ್ಟಿಗೆಯನ್ನು ನಡೆಸುವ ತಂತ್ರಾಂಶ ಹಾಕುವಾಗ ಎರಡು ದಾರಿ ಇವೆ, ಜನ ಇವನ್ನು ಬೆರೆಸಿಬಿಡುತ್ತಾರೆ. ಮಿಯೂ ಮಿನಿ ಪ್ಲಸ್ ಎಂಬ ಪೆಟ್ಟಿಗೆಗೆ ಬಳಸುವ ಆನಿಯನ್ ಓಎಸ್‌ಗಾದರೆ ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಫೈಲ್‌ಗಳನ್ನು ಹಾಗೇ ಪ್ರತಿ ಮಾಡಿದರೆ ಸಾಕು. ಆನ್‌ಬರ್ನಿಕ್ ಕಂಪನಿಯ ಆರ್‌ಜಿ35ಎಕ್ಸ್‌ಎಕ್ಸ್ ಪ್ಲಸ್‌ನಂಥವಕ್ಕೆ ಹಾಕುವ ಮ್ಯೂಓಎಸ್ ಇಡೀ ಕಾರ್ಡಿನ ಪಡಿಯಚ್ಚಾಗಿ ಬರುತ್ತದೆ. ಅದನ್ನು ಎಚರ್ ಅಥವಾ ರೂಫಸ್ ಎಂಬ ಪ್ರೋಗ್ರಾಂನಿಂದ ಬರೆಯಬೇಕು, ಎಳೆದು ಹಾಕಿದರೆ ಪೆಟ್ಟಿಗೆ ಏಳುವುದಿಲ್ಲ. ಬರೆದಾದ ಮೇಲೆ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಅಲ್ಲಿ ಲಿನಕ್ಸ್ ಭಾಗಗಳಿವೆ, ವಿಂಡೋಸ್‌ಗೆ ಅವು ಓದಲು ಬಾರವು, ಅದಕ್ಕೇ ಈ ಪ್ರಶ್ನೆ. ಬೇಡವೆನ್ನಿ. ಹೌದೆಂದರೆ ಮಾಡಿದ ಕೆಲಸ ಮೊದಲಿನಿಂದ.

ಆಡುವಾಗ ಸೇವ್ ಎರಡು ಬಗೆಯದು ಎಂಬುದು ಗೊತ್ತಿರಬೇಕು. ಆಟವೇ ತನ್ನ ಮೆನುವಿನಿಂದ ಉಳಿಸುವುದು ಒಂದು, ಎಮ್ಯುಲೇಟರ್ ಇಡೀ ಯಂತ್ರದ ಸ್ಥಿತಿಯನ್ನು ಹಿಡಿದಿಡುವ ‘ಸೇವ್ ಸ್ಟೇಟ್’ ಇನ್ನೊಂದು. ಎಮ್ಯುಲೇಟರ್ ಬದಲಾದರೆ, ಕೆಲವೊಮ್ಮೆ ಅದರ ಆವೃತ್ತಿ ಬದಲಾದರೂ, ಎರಡನೆಯದು ತೆರೆಯದು. ತಿಂಗಳ ಆಟ ಹೀಗೆ ಹೋದಾಗ ಮಕ್ಕಳು ಅಳುವುದುಂಟು. ಆಟದೊಳಗಿನ ಸೇವ್ ಮೇಲೆಯೇ ಭರವಸೆ ಇಡಲು ಹೇಳಿಕೊಡಿ. ಬಟನ್ ಒತ್ತಿ ಕ್ರಮವಾಗಿ ಆಫ್ ಮಾಡುವುದನ್ನೂ ಕಲಿಸಿ. ಬರೆಯುವ ನಡುವೆ ಬ್ಯಾಟರಿ ಮುಗಿದರೆ ಕಾರ್ಡಿನ ಕಡತಪಟ್ಟಿಯೇ ಹಾಳಾಗಬಹುದು.

ಈಗ ಕಾನೂನು. ಎಮ್ಯುಲೇಟರ್ ಅಪರಾಧವಲ್ಲ, ಅದು ಯಂತ್ರವನ್ನು ಅನುಕರಿಸುವ ಸ್ವತಂತ್ರ ಪ್ರೋಗ್ರಾಂ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎಎ) ಕಲಂ, ಕಂಪ್ಯೂಟರ್ ಪ್ರೋಗ್ರಾಂನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿದವನು ನಷ್ಟ ಅಥವಾ ಹಾನಿಯಿಂದ ರಕ್ಷಿಸಲು ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ‘ಕಾನೂನುಬದ್ಧವಾಗಿ’ ಎಂಬುದೇ ಇಲ್ಲಿ ಮುಖ್ಯ ಮಾತು. ಹತ್ತು ಸಾವಿರ ಆಟದ ಕಾರ್ಡ್ ಯಾರ ಒಪ್ಪಿಗೆಯೂ ಇಲ್ಲದ ಪ್ರತಿಗಳ ರಾಶಿ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ‘ಒಂದರಲ್ಲಿ ಸಾವಿರ’ ಕ್ಯಾಸೆಟ್‌ಗಳೂ ಬಹುಪಾಲು ಹಾಗೇ, ಅವುಗಳ ಬ್ಯಾಕಪ್‌ಗೆ ಈ ರಕ್ಷಣೆ ಅನ್ವಯಿಸದು. ಗೊತ್ತಿದ್ದೂ ಅಂಥ ಪ್ರತಿ ಬಳಸಿದರೆ 63-ಬಿ ಕಲಂ ಪ್ರಕಾರ 7 ದಿನದಿಂದ 3 ವರ್ಷದ ತನಕ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕೆ ಬಳಸಿಲ್ಲವಾದರೆ ನ್ಯಾಯಾಲಯ ಸೆರೆ ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ಇಳಿಸಬಹುದು. ಶಾಲೆ, ಗ್ರಂಥಾಲಯದಲ್ಲಿ ಇಂಥ ಕಾರ್ಡ್ ಇಡಲೇಬಾರದು. ಹೋಮ್‌ಬ್ರೂ ಆಟವಾದರೆ ಮಾಡಿದವರೇ ಹಂಚಿರುತ್ತಾರೆ. ಉಚಿತವೋ, ಇಷ್ಟು ಹಣವೋ ಎಂದು ಅವರೇ ಬರೆದಿರುತ್ತಾರೆ. ಇನ್ನೊಂದು ಮಾತು: 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ನೆಟ್ಟೂ ಇಲ್ಲದ, ಹಣವೂ ಇಲ್ಲದ ಈ ಪೆಟ್ಟಿಗೆಯನ್ನು ಅದರೊಡನೆ ಸೇರಿಸಿ ಮಕ್ಕಳನ್ನು ಹೆದರಿಸುವುದು ಸರಿಯಲ್ಲ.

ಕಡಲ ಗಾಳಿಯ ಬಗ್ಗೆ ಬೇರೆ ಊರಿನವರು ಬರೆಯುವ ಸಲಹೆಗಳಲ್ಲಿ ಏನೂ ಇರುವುದಿಲ್ಲ. ನಮಗೆ ಅದೇ ದೊಡ್ಡ ಶತ್ರು. ಉಪ್ಪು ತೇವವನ್ನು ಎಳೆದು ಹಿಡಿಯುತ್ತದೆ, ತಾಮ್ರದ ಸಂಪರ್ಕಗಳ ಮೇಲೆ ಹಸಿರು ಕಿಲುಬು ಬರುತ್ತದೆ. ಬಟನ್ ಗಟ್ಟಿಯಾಗಿ ಒತ್ತಿದರೆ ಮಾತ್ರ ಕೆಲಸ ಮಾಡುತ್ತಿದ್ದರೆ ಅದು ಒಳಗಿನ ರಬ್ಬರ್ ಪದರ ಮತ್ತು ಬೋರ್ಡಿನ ನಡುವಿನ ಕೊಳೆ. ಹಿಂಬದಿಯ ಸ್ಕ್ರೂ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಮೊದಲು ತೆಗೆದು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಬೋರ್ಡಿನ ಸಂಪರ್ಕ ಒರೆಸಿ. ರಬ್ಬರಿನ ಕಪ್ಪು ಚುಕ್ಕೆಯನ್ನು ಉಜ್ಜಬೇಡಿ, ಹತ್ತಿಕಡ್ಡಿಯನ್ನು ಅದರ ಮೇಲೆ ಸುಮ್ಮನೆ ಒತ್ತಿ ಕೊಳೆ ತೆಗೆಯಿರಿ. ಆ ಕಾರ್ಬನ್ ಪದರ ಕಿತ್ತರೆ ಬಟನ್ ಪೂರ್ತಿ ಹೋಯಿತು. ಸೀಮೆಎಣ್ಣೆ, ಮರಳುಕಾಗದ ಎರಡೂ ಬೇಡ.

ಮಳೆಗಾಲದಲ್ಲಿ ಎತ್ತಿಡುವುದಾದರೆ ಬ್ಯಾಟರಿ ಅರ್ಧದಷ್ಟು ತುಂಬಿರಲಿ. ಪೂರ್ತಿ ಖಾಲಿಯಾಗಿಟ್ಟ ಲಿಥಿಯಂ ಬ್ಯಾಟರಿ ತಿಂಗಳುಗಟ್ಟಲೆಯಲ್ಲಿ ಮತ್ತೆ ಏಳಲಾರದಷ್ಟು ಇಳಿಯುತ್ತದೆ, ದಸರೆಗೆ ಆನ್ ಆಗದಿರಲು ಕಾರ್ಡ್ ಬಿಟ್ಟರೆ ಇದೇ ಕಾರಣ. ಹಲಸಿನ ಹಪ್ಪಳ ಇಡುವಂಥ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ತಿಂಗಳಿಗೊಮ್ಮೆ ತೆಗೆದು ಅರ್ಧ ಗಂಟೆ ಆಡಿ, ಅರ್ಧಕ್ಕೆ ಚಾರ್ಜ್ ಮಾಡಿ ಮತ್ತೆ ಇಡಿ. ತೇವ ಆರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಹಾಕಬೇಡಿ, ಅಡಿಕೆಗೆ ಹಿತವಾದ ಶಾಖ ಬ್ಯಾಟರಿಗೆ ಅಪಾಯ. ಹಿಂಬದಿ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿದೆ ಎಂದರ್ಥ. ಚುಚ್ಚಬೇಡಿ, ಚಾರ್ಜಿಗಿಡಬೇಡಿ, ಬದಲಿಸಿ. ಅಗ್ಗದ ಕೆಲವು ಪೆಟ್ಟಿಗೆಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ. ಚಾರ್ಜರ್‌ಗೆ ‘ನನಗೆ ವಿದ್ಯುತ್ ಬೇಕು’ ಎಂದು ತಿಳಿಸುವ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್‌ಗಳನ್ನು ತಯಾರಕರು ಬಿಟ್ಟಿರುತ್ತಾರೆ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್, 5 ವೋಲ್ಟ್‌ನ ಸಾಧಾರಣ ಚಾರ್ಜರ್ ಬಳಸಿದರೆ ಸರಿಹೋಗುತ್ತದೆ.

ಇನ್ನು ಆಟ ಮಾಡುವುದು. ಪೆಟ್ಟಿಗೆ ಇಲ್ಲದವರು ನಿರಾಶರಾಗಬೇಕಿಲ್ಲ, ಮಾಡಿದ ಆಟ ಫೋನಿನಲ್ಲೂ ಕಂಪ್ಯೂಟರ್‌ನಲ್ಲೂ ಎಮ್ಯುಲೇಟರ್ ಹಾಕಿದರೆ ಓಡುತ್ತದೆ. ಗೇಮ್ ಬಾಯ್ ಆಟವನ್ನು ಕೋಡ್ ಬರೆಯದೆ ಮಾಡಲು ಜಿಬಿ ಸ್ಟುಡಿಯೊ, ಸಿ ಭಾಷೆಯಲ್ಲಿ ಬರೆಯಲು ಜಿಬಿಡಿಕೆ-2020 ಇವೆ. ಎರಡೂ ಉಚಿತ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಘಟ್ಟದ ಹಳ್ಳಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಜಿಬಿಡಿಕೆಯನ್ನು ಹೆಸರಿನಲ್ಲಿ ಖಾಲಿ ಜಾಗವಿಲ್ಲದ ಫೋಲ್ಡರ್‌ನಲ್ಲಿ ಬಿಚ್ಚಿ, ಇಲ್ಲವಾದರೆ ಮೊದಲ ದಿನವೇ ಅರ್ಥವಾಗದ ದೋಷ ಸೂಚನೆಗಳು ಎದುರಾಗಬಹುದು.

ಮೊದಲ ಆಟಕ್ಕೆ ಓಡಿ ಜಿಗಿಯುವ ಆಟವನ್ನು ಆರಿಸುವವರೇ ಹೆಚ್ಚು, ಅರ್ಧಕ್ಕೆ ಬಿಡುವವರೂ ಅವರೇ. ಚೆನ್ನೆಮಣೆ ಆರಿಸಿ ಎಂಬುದು ನನ್ನ ಬಲವಾದ ಸಲಹೆ. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಎಲ್ಲ ಗುಳಿಗಳ ಸ್ಥಿತಿ 14 ಬೈಟ್‌ನಲ್ಲಿ ಕೂರುತ್ತದೆ. ಗೇಮ್ ಬಾಯ್ ಪರದೆ 160 ಅಡ್ಡ, 144 ಉದ್ದದ ಚುಕ್ಕೆಗಳು. ಅದನ್ನು 8×8 ಚುಕ್ಕೆಯ ‘ಟೈಲ್’ಗಳಾಗಿ ಹಂಚಿರುತ್ತದೆ. ಗುಳಿಗೆ 16×16 ಇಟ್ಟರೆ ಏಳು ಗುಳಿಗೆ 112 ಚುಕ್ಕೆ, ಎರಡು ಬದಿಗೂ 24 ಉಳಿಯುತ್ತದೆ. ಸೊನ್ನೆಯಿಂದ 12 ಬೀಜದ ತನಕ 13 ಚಿತ್ರ, ಅಂದರೆ 52 ಟೈಲ್. ಅದಕ್ಕಿಂತ ಹೆಚ್ಚು ಬೀಜ ಕೂಡಿದ ಗುಳಿಯಲ್ಲಿ ಅಂಕಿ ತೋರಿಸಿ.

ಎಡವುವ ಜಾಗಗಳು ಇಲ್ಲಿವೆ. ಗುಳಿಗಳನ್ನು 0ಯಿಂದ 13ರ ತನಕ ಎಣಿಸಿ, ಕೆಳಸಾಲು 0–6, ಮೇಲ್ಸಾಲು 7–13 ಎಂದಿಟ್ಟರೆ ಮೇಲ್ಸಾಲನ್ನು ಬಲದಿಂದ ಎಡಕ್ಕೆ ಬರೆಯಬೇಕು. ಎಡದಿಂದ ಬರೆದರೆ ಬೀಜ ಕೆಳಗಿನ ಬಲ ಮೂಲೆಯಿಂದ ಮೇಲಿನ ಎಡ ಮೂಲೆಗೆ ಹಾರಿದಂತೆ ಕಾಣುತ್ತದೆ, ಲೆಕ್ಕ ಸರಿಯಿದ್ದರೂ ಆಡುವವರಿಗೆ ತಪ್ಪೆನಿಸುತ್ತದೆ. ಮುಂದಿನ ಗುಳಿ ಹುಡುಕಲು ಭಾಗಾಕಾರದ ಶೇಷ ಬಳಸಬೇಡಿ. ಈ ಪ್ರೊಸೆಸರ್‌ಗೆ ಗುಣಾಕಾರ, ಭಾಗಾಕಾರದ ಆಜ್ಞೆಯೇ ಇಲ್ಲ. ಒಂದು ಕೂಡಿಸಿ, 14 ಆದರೆ 0 ಮಾಡಿ. ಪ್ರತಿ ಬೀಜ ಹಾಕಿದ ಮೇಲೆ 8 ಫ್ರೇಮ್ (ಪರದೆ ಒಮ್ಮೆ ತೋರಿಸುವ ಚಿತ್ರವೇ ಒಂದು ಫ್ರೇಮ್) ಕಾಯಿರಿ. ಯಂತ್ರ ಸೆಕೆಂಡಿಗೆ ಸುಮಾರು 60 ಫ್ರೇಮ್ ತೋರಿಸುವುದರಿಂದ ಒಂದು ಸುತ್ತಿಗೆ ಎರಡು ಸೆಕೆಂಡಿಗಿಂತ ತುಸು ಕಡಿಮೆ ಆಗುತ್ತದೆ, ಕೈಯಲ್ಲಿ ಬಿತ್ತುವ ವೇಗಕ್ಕೆ ಹತ್ತಿರ. ಕಾಯದಿದ್ದರೆ ಬಿತ್ತನೆ ಕಣ್ಣಿಗೆ ಕಾಣದೆ ಮುಗಿದಿರುತ್ತದೆ. ಬಟನ್ ಓದುವಾಗ ಹಿಂದಿನ ಫ್ರೇಮ್‌ನಲ್ಲಿ ಒತ್ತಿರಲಿಲ್ಲ, ಈಗ ಒತ್ತಿದೆ ಎಂಬುದನ್ನು ಪರೀಕ್ಷಿಸಿ. ಇಲ್ಲವಾದರೆ ಒಂದೇ ಒತ್ತಿಗೆ, ಗುಳಿ ಆರಿಸುವ ಗುರುತು ಐದಾರು ಗುಳಿ ದಾಟಿ ಓಡುತ್ತದೆ. ಹೊಸ ಆಟ ಶುರುವಾದಾಗಲೆಲ್ಲ 14 ಗುಳಿಗೂ ನಾಲ್ಕು ಬೀಜ ಕೋಡ್‌ನಲ್ಲೇ ತುಂಬಿ. ಎಮ್ಯುಲೇಟರ್‌ನ ಮೆಮೊರಿ ಸಾಮಾನ್ಯವಾಗಿ ಶುಚಿಯಾಗಿ ಶುರುವಾಗುತ್ತದೆ, ನಿಜವಾದ ಗೇಮ್ ಬಾಯ್‌ನಲ್ಲಿ ಕಸ ಇರುತ್ತದೆ.

ನಿಯಮಗಳು ಊರಿಂದೂರಿಗೆ ಬೇರೆ. ಒಂದು ಗುಳಿಯಲ್ಲಿ ನಾಲ್ಕು ಕೂಡಿದ ಕೂಡಲೇ ಎತ್ತಿಕೊಳ್ಳುವುದು ಕೆಲವು ಕಡೆ ಉಂಟು, ಕೆಲವು ಕಡೆ ಇಲ್ಲ. ಮನೆಯ ಅಜ್ಜಿಯನ್ನು ಕೇಳಿ ಅವರು ಹೇಳಿದಂತೆಯೇ ಬರೆಯಲಿ. ಮಕ್ಕಳಿಗೆ ನಿಯಮವನ್ನು ಬಾಯಿಮಾತಿನಿಂದ ಆಜ್ಞೆಗೆ ಇಳಿಸುವ ಅಭ್ಯಾಸ ಆಗುವುದು ಅಲ್ಲೇ. ‘ಆಮೇಲೆ ಖಾಲಿ ಗುಳಿ ಬಂದರೆ?’ ಎಂದು ಕೇಳಲೇಬೇಕಾಗುತ್ತದೆ.

ಪೆಟ್ಟಿಗೆಯ ಪರದೆ ಸಾಮಾನ್ಯವಾಗಿ 640×480. ಆಟವನ್ನು ಸರಿಯಾಗಿ ಮೂರು ಪಟ್ಟು ಹಿಗ್ಗಿಸಿದರೆ 480×432 ಆಗಿ ಸುತ್ತ ಕಪ್ಪು ಅಂಚು ಉಳಿಯುತ್ತದೆ. ಅಂಚು ಬೇಡವೆಂದು ಪರದೆ ತುಂಬ ಎಳೆದರೆ ಕೆಲವು ಚುಕ್ಕೆ ದಪ್ಪ, ಕೆಲವು ತೆಳು ಆಗಿ ಅಕ್ಷರ ಕೆಡುತ್ತದೆ. ಸೆಟ್ಟಿಂಗ್‌ನಲ್ಲಿ ‘ಇಂಟಿಜರ್ ಸ್ಕೇಲಿಂಗ್’ ಆನ್ ಮಾಡಿ. ಕನ್ನಡಕ್ಕೆ ಇದು ಅನಿವಾರ್ಯ.

ಕನ್ನಡದ ಮಾತಿಗೆ ಬಂದರೆ, ಅತ್ಯಂತ ಕಷ್ಟದ ಮತ್ತು ಅತ್ಯಂತ ಸ್ವಾರಸ್ಯದ ಕೆಲಸ ಇದು. ಜಿಬಿ ಸ್ಟುಡಿಯೊದ ಫಾಂಟ್ 8×8 ಚುಕ್ಕೆಯ 224 ಮನೆಗಳ ಒಂದು ಚಿತ್ರ. ಇಂಗ್ಲಿಷಿಗೆ ಅದು ಧಾರಾಳ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ದೀರ್ಘ ಇದೆ. ಎಂಟು ಚುಕ್ಕೆಯ ಎತ್ತರದಲ್ಲಿ ‘ಸ್ತ್ರೀ’ ಬರೆಯಲಾಗದು. ‘ಕಾರ್ಯ’ ಎಂಬುದರಲ್ಲಿ ರ ಮೊದಲು ಟೈಪಾಗುತ್ತದೆ, ಅರ್ಕಾವತ್ತು ಯ ಆದ ಮೇಲೆ ಕಾಣಿಸುತ್ತದೆ. ಫೋನಿನಲ್ಲಿ ಈ ಜೋಡಣೆಯನ್ನು ಫಾಂಟ್ ತಂತ್ರಾಂಶ ನಮಗೆ ತಿಳಿಯದಂತೆ ಮಾಡುತ್ತದೆ. ಗೇಮ್ ಬಾಯ್‌ನಲ್ಲಿ ಅದನ್ನು ಮಾಡುವವರು ಯಾರೂ ಇಲ್ಲ.

ಸುಲಭದ ದಾರಿ, ಸಾಲನ್ನು ಚಿತ್ರವಾಗಿಯೇ ಬರೆದು ಹಿನ್ನೆಲೆಯಲ್ಲಿ ಹಾಕುವುದು. ಸಾಲಿಗೆ 24 ಚುಕ್ಕೆ ಎತ್ತರ ಕೊಡಿ: ಮೇಲಿನ 16 ಅಕ್ಷರ ಮತ್ತು ಗುಣಿತಕ್ಕೆ, ಕೆಳಗಿನ 8 ಒತ್ತಿಗೆ. ಪರದೆಗೆ ಆರು ಸಾಲು ಹಿಡಿಯುತ್ತದೆ. ಅಕ್ಷರಕ್ಕೆ ಸರಾಸರಿ 12 ಚುಕ್ಕೆ ಅಗಲ ಹಿಡಿದರೆ ಸಾಲಿಗೆ 13 ಅಕ್ಷರ. ಆದರೆ ತುಂಬಿದ ಒಂದು ಸಾಲು 60 ಟೈಲ್ ತಿನ್ನುತ್ತದೆ. ಜಿಬಿ ಸ್ಟುಡಿಯೊ ಕಪ್ಪು-ಬಿಳುಪು ಆಟದ ಒಂದು ದೃಶ್ಯಕ್ಕೆ 192 ಬೇರೆ ಬೇರೆ ಟೈಲ್ ಮಾತ್ರ ಒಪ್ಪುವುದರಿಂದ ಮೂರು ಸಾಲಿಗೆ ಜಾಗ ಮುಗಿಯುತ್ತದೆ. ಆಟದ ಹೆಸರು, ‘ನಿಮ್ಮ ಸರದಿ’, ‘ಗೆದ್ದಿರಿ’ ಇವಿಷ್ಟಕ್ಕೆ ಸಾಕು, ಕಥೆ ಹೇಳುವ ಆಟಕ್ಕೆ ಸಾಲದು.

ಗಟ್ಟಿಯಾದ ದಾರಿ ಜಿಬಿಡಿಕೆಯಲ್ಲಿ ಅಕ್ಷರದ ತುಣುಕುಗಳನ್ನಿಟ್ಟು ಓಡುವಾಗಲೇ ಜೋಡಿಸುವುದು. ತಲೆಕಟ್ಟಿಲ್ಲದ 34 ವ್ಯಂಜನದ ಮೈ, ಹತ್ತು-ಹನ್ನೆರಡು ಗುಣಿತದ ಗುರುತು, 34 ಒತ್ತು, ಸ್ವರಗಳು, ಅಂಕಿ ಸೇರಿ ಸುಮಾರು ನೂರು ತುಣುಕು. 16×16ರ ಎರಡು ಬಣ್ಣದ ತುಣುಕಿಗೆ 32 ಬೈಟ್. ಒಟ್ಟು 3,200 ಬೈಟ್. 32 ಕಿಲೋಬೈಟ್‌ನ ಚಿಕ್ಕ ಆಟದಲ್ಲೂ ಇದು ಹತ್ತನೇ ಒಂದು ಪಾಲು ಮಾತ್ರ. ತಲೆಕಟ್ಟು ಬೇರೆ ಇಡುವುದಕ್ಕೆ ಕಾರಣ, ‘ಕಿ’ ಬರೆಯುವಾಗ ಕ ಮೇಲಿನ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ. ಖ, ಜ, ಟ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ, ಇವುಗಳ ಗುಣಿತವನ್ನು ಪ್ರತ್ಯೇಕವಾಗಿ ಬರೆಯಬೇಕು. ಮ, ಯ ಕೂಡ ಸಾಮಾನ್ಯ ಲೆಕ್ಕಕ್ಕೆ ಸಿಗವು. ಇಂಥ ಹೊರತುಗಳಿಗೆ ಇನ್ನೊಂದು ನಲವತ್ತು-ಐವತ್ತು ತುಣುಕು ಮೀಸಲಿಡಿ. ಕಂಪ್ಯೂಟರಿನ ಫಾಂಟನ್ನು ಕುಗ್ಗಿಸಿ ಬಳಸಲು ಹೋಗಬೇಡಿ. 16 ಚುಕ್ಕೆಗೆ ಇಳಿಸಿದಾಗ ವ-ಪ, ಘ-ಫ ಒಂದೇ ಬೊಟ್ಟಾಗುತ್ತವೆ. ಚೌಕುಳಿ ಕಾಗದದಲ್ಲಿ ಪೆನ್ಸಿಲ್‌ನಿಂದ ಬಿಡಿಸಿ ತುಂಬಿದ್ದೇ ಚೆನ್ನಾಗಿ ಬರುತ್ತದೆ. ಚಿತ್ರಕಲೆಯ ಮೇಷ್ಟ್ರಿಗೂ ಗಣಿತದ ಮೇಷ್ಟ್ರಿಗೂ ಇಲ್ಲಿ ಸಮಾನ ಕೆಲಸ ಇದೆ.

ಜೋಡಿಸಿದ ಸಾಲನ್ನು ಪರದೆಯ ಮೆಮೊರಿಗೆ ಕಳಿಸುವಾಗ ಅವಸರ ಮಾಡಬಾರದು. ಪರದೆ ಗೆರೆ ಎಳೆಯುತ್ತಿರುವ ಹೊತ್ತಿನಲ್ಲಿ ಆ ಮೆಮೊರಿ ಮುಚ್ಚಿರುತ್ತದೆ, ಆಗ ಬರೆದದ್ದು ಬಿದ್ದುಹೋಗುತ್ತದೆ. ಪ್ರತಿ ಫ್ರೇಮ್‌ನ ಕೊನೆಗೆ ಸುಮಾರು 1.1 ಮಿಲಿಸೆಕೆಂಡ್ ಬಿಡುವು ಸಿಗುತ್ತದೆ. ಅಷ್ಟರಲ್ಲಿ ಎಂಟು ಟೈಲ್ ನಿಶ್ಚಿಂತೆಯಿಂದ ಕಳಿಸಬಹುದು, ಇಡೀ ಸಾಲಿಗೆ ಎಂಟು ಫ್ರೇಮ್. ಅಕ್ಷರ ಒಂದೊಂದಾಗಿ ಮೂಡಿದಂತೆ ಕಾಣುವುದರಿಂದ ನೋಡಲೂ ಚೆಂದ. ಜಿಬಿಡಿಕೆಯ ಸಿದ್ಧ ಫಂಕ್ಷನ್‌ಗಳು ಈ ಕಾಯುವಿಕೆಯನ್ನು ತಾವೇ ನೋಡಿಕೊಳ್ಳುತ್ತವೆ, ಪ್ರೊಸೆಸರ್‌ನ ನೇರ ಆಜ್ಞೆಗಳ ಭಾಷೆಯಾದ ಅಸೆಂಬ್ಲಿಯಲ್ಲಿ ತಾವೇ ಬರೆದವರು ನೆನಪಿಡಬೇಕು. ಸಡಿಲವಾದ ಎಮ್ಯುಲೇಟರ್‌ಗಳಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಸೇಮ್‌ಬಾಯ್, ಎಂಜಿಬಿಎ ಎಂಬ ಎಮ್ಯುಲೇಟರ್ ಎರಡರಲ್ಲೂ ಓಡಿಸಿ ನೋಡಿ, ಆಮೇಲೆ ಹಂಚಿ.

ಹೀಗೆ ಮಾಡಿದ ಆಟದ ಫೈಲ್ ಫೋನಿನಲ್ಲಿ ತೆಗೆದ ಒಂದು ಫೋಟೊದ ಸುಮಾರು ನೂರನೇ ಒಂದು ಪಾಲು. ಬ್ಲೂಟೂತ್‌ನಲ್ಲಿ ಕ್ಷಣದಲ್ಲಿ ಹೋಗುತ್ತದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ಜಿಬಿ ಸ್ಟುಡಿಯೊ, ಜಿಬಿಡಿಕೆ, ಎಂಜಿಬಿಎ ಈ ಮೂರನ್ನು ಹಾಕಿಡುವಂತೆ ಗ್ರಂಥಪಾಲಕರಲ್ಲಿ ಮತ್ತು ಜಿಲ್ಲಾ ಪಂಚಾಯಿತಿಯಲ್ಲಿ ವಿನಂತಿ. ಖರ್ಚು ಏನೂ ಇಲ್ಲ, ಪೆನ್‌ಡ್ರೈವ್‌ನಲ್ಲಿ ಒಯ್ದರೆ ಆಯಿತು. ಅಕ್ಷರದ ತುಣುಕುಗಳನ್ನು ಬಿಡಿಸಿದವರು ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿಯಲ್ಲಿ ಹಂಚಲಿ. ಒಬ್ಬರು ಮಾಡಿದ ‘ಕ್ಷ’ವನ್ನು ಇನ್ನೊಬ್ಬರು ಮತ್ತೆ ಬಿಡಿಸುವುದು ವ್ಯರ್ಥ.

ತುಣುಕುಗಳು ಸರಿ ಕೂಡುತ್ತಿವೆಯೇ ಎಂದು ನೋಡಲು ಜಿಲ್ಲೆಯ 12 ತಾಲೂಕುಗಳ ಹೆಸರು ಬರೆಯಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಕಾರವಾರ, ಶಿರಸಿ, ಕುಮಟಾ, ಹಳಿಯಾಳ ಒತ್ತಿಲ್ಲದೆ ಮುಗಿಯುತ್ತವೆ. ಅಂಕೋಲಾ, ದಾಂಡೇಲಿ, ಮುಂಡಗೋಡಕ್ಕೆ ಅನುಸ್ವಾರ ಬೇಕು. ಜೋಯಿಡಾದಲ್ಲಿ ಓತ್ವದ ದೀರ್ಘ ಪರೀಕ್ಷೆಯಾಗುತ್ತದೆ. ಯಲ್ಲಾಪುರ, ಸಿದ್ದಾಪುರ, ಹೊನ್ನಾವರದ ಒತ್ತುಗಳನ್ನು ದೀರ್ಘದೊಡನೆ ಕೂರಿಸಬೇಕು. ಭಟ್ಕಳದ ‘ಟ್ಕ’ವನ್ನು ಕೊನೆಗೆ ಇಟ್ಟುಕೊಳ್ಳಿ: ತಲೆಕಟ್ಟಿಲ್ಲದ ಟ ಕೆಳಗೆ ಕ ಒತ್ತು, ಎಂಟೇ ಚುಕ್ಕೆಯ ಎತ್ತರದಲ್ಲಿ.

— ಓರ್ವ ಓದುಗ, ಕುಮಟಾ